ಹಕ್ಕಿಯೋ ಹತ್ತಿಯೋ

ನಮ್ಮ ಮೊಮ್ಮಗಳಿಗೆ ಆಗ ಏಳು ವರ್ಷ. ಪುಣೆಯಿಂದ ಗದಗಿಗೆ ಹೊರಟಿದ್ದೆವು. ಸಾತಾರಾ ದಾಟಿ ಕರಾಡದ ಹತ್ತಿರ ಬಂದಾಗ ಹಿಂದಿನ ಸೀಟಿನಿಂದ ಒಂದು ಪ್ರಶ್ನೆ ಬಂತು: “ಅಜ್ಜಾ, ಹಕ್ಕಿ ಹಕ್ಕಿನ್ನ ಹಿಂಜಾವನ ಕಡೆ ಯಾಕ ಒಯ್ತು? ಅದಕ್ಕ ನೋವಾಗೂದಿಲ್ಲೇನು?”

ಕಾರಿನೊಳಗೆ ನಡೆಯುತ್ತಿದ್ದುದು ನನ್ನ ಅವ್ವ ಹೇಳಿದ ಕಥೆ. ಆ ಕಥೆಗೂ ಒಂದು ಕಥೆಯಿದೆ. 1988ರಲ್ಲಿ ನಾನು ಮುಂಬಯಿಯ ಶಾಖೆಯಲ್ಲಿದ್ದೆ. ಮಗನಿಗೆ ಮೂರು ವರ್ಷ. ಮರಾಠಿ, ಹಿಂದಿಗಳ ನಡುವೆ ಮೊಮ್ಮಗ ಕನ್ನಡ ಮರೆತಾನೆಂದು ಹೆದರಿದ ಅವ್ವ, ಗದಗಿನ ಪಡಸಾಲೆಯಲ್ಲಿ ಟೂ-ಇನ್-ಒನ್ ಮುಂದೆ ಕೂತು ಒಂದು ಕ್ಯಾಸೆಟ್ಟಿನ ಎರಡೂ ಬದಿ ತುಂಬುವಷ್ಟು ಕಥೆ ಹೇಳಿ, ಮುಂಬಯಿಗೆ ಬರುವವರ ಕೈಯಲ್ಲಿ ಕಳಿಸಿದ್ದಳು. ಅದರಲ್ಲೊಂದು, ಹತ್ತಿಕಾಯಿ ಸಿಕ್ಕ ಹಕ್ಕಿಯ ಕಥೆ. ಹಕ್ಕಿ ಆ ಹತ್ತಿಯನ್ನು ಹಿಂಜುವವನ ಕಡೆ ಒಯ್ಯುತ್ತದೆ, ಆಮೇಲೆ ನೂಲುವವಳ ಕಡೆ, ನೇಯುವವನ ಕಡೆ, ಕೊನೆಗೆ ಸಿಂಪಿಗನ ಕಡೆ. ನಮ್ಮ ಕಡೆಯ ಮನೆಮನೆಯ ಕಥೆ. ಹಳೆ ತಲೆಗಳಿಗೆ ಗೊತ್ತಿರುತ್ತದೆ.

ಹಾಗಾದರೆ ಹಕ್ಕಿ ಹಕ್ಕಿಯನ್ನೇ ಯಾಕೆ ಒಯ್ದಿತು? ನಾನು ಹಿಂದಕ್ಕೆ ಹಾಕಿ ಮತ್ತೊಮ್ಮೆ ಕೇಳಿಸಿದೆ. ಹುಡುಗಿಯದೇನೂ ತಪ್ಪಿರಲಿಲ್ಲ. ಕಾರಿನ ಸ್ಪೀಕರಿನಿಂದ ಬರುತ್ತಿದ್ದುದು ‘ಹ’ ಮತ್ತು ‘ಇ’, ನಡುವೆ ಒಂದು ಒತ್ತು. ಅದು ಕ್ಕಿಯೋ ತ್ತಿಯೋ ಚ್ಚಿಯೋ ಆ ಬ್ರಹ್ಮನಿಗೇ ಗೊತ್ತು. ನಾನು, ನಮ್ಮಾಕಿ, ಮಗ ಮೂವರೂ ಅದೇ ಕಥೆಯನ್ನು ಅದೇ ಕಾರಿನಲ್ಲಿ ಹತ್ತಾರು ಸಲ ಕೇಳಿದ್ದೆವು, ಯಾರಿಗೂ ತೊಡಕಾಗಿರಲಿಲ್ಲ. ಯಾಕೆಂದರೆ ನಾವು ಕೇಳುತ್ತಲೇ ಇರಲಿಲ್ಲ, ಗೊತ್ತಿದ್ದ ಶಬ್ದವನ್ನು ತುಂಬಿಕೊಳ್ಳುತ್ತಿದ್ದೆವು. ಗದಗಿನ ಹತ್ತಿ ಮಾರುಕಟ್ಟೆಯ ಅಂಡಿಗೆಗಳ ಮೇಲೆ ಜಿಗಿದಾಡಿ ಬೆಳೆದವನಿಗೆ ‘ಹಿಂಜಾವ’ ಎಂದ ಕೂಡಲೇ ‘ಹತ್ತಿ’ ತಾನಾಗಿ ಬರುತ್ತದೆ. ಈ ಹುಡುಗಿ ಹತ್ತಿಕಾಯಿಯನ್ನು ಕಣ್ಣಿನಿಂದ ಕಂಡಿಲ್ಲ. ಅವಳ ತಾಯಿ ಸಾತಾರಾದ ಮರಾಠಿ ಹೆಣ್ಣುಮಗಳು. ಮನೆಯ ಮಾತು ಮರಾಠಿ, ಶಾಲೆಯದು ಇಂಗ್ಲಿಷು. ಕನ್ನಡ ಸಿಗುವುದು ಡೊಂಬಿವಲಿಯ ನಮ್ಮ ಮನೆಗೆ ಬಂದಾಗ ಮತ್ತು ಈ ಕಾರಿನಲ್ಲಿ. ಭಾಷೆ ಬಲ್ಲವನು ಕೆಟ್ಟ ಸ್ಪೀಕರನ್ನು ಕ್ಷಮಿಸುತ್ತಾನೆ. ಕಲಿಯುವವರು ಹಾಗೆ ಕ್ಷಮಿಸಲಾರರು, ಅವರಿಗೆ ಸ್ಪೀಕರು ಹೇಳಿದ್ದೇ ಭಾಷೆ.

ಊರಿನಲ್ಲಿರುವ ನಿಮಗೆ ಇದು ದೊಡ್ಡ ಸಂಗತಿ ಅನ್ನಿಸಲಿಕ್ಕಿಲ್ಲ. ಹುಬ್ಬಳ್ಳಿಯಲ್ಲಿ ಆಟೋ ಹತ್ತಿದರೂ ಕನ್ನಡ ಹಾಡು, ಚಾದಂಗಡಿಯ ಮುಂದೆ ನಿಂತರೂ ಕನ್ನಡ ಜಗಳ. ನಮಗೆ ಹಾಗಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಶನ್ ಇದೆ, ಕರ್ನಾಟಕ ಸಂಘ ಇದೆ, ನಾಟಕ-ಉಪನ್ಯಾಸಗಳಾಗುತ್ತವೆ. ಆದರೆ ಡೊಂಬಿವಲಿಯಿಂದ ಲೋಕಲ್ ಹಿಡಿದು ಅಲ್ಲಿಗೆ ಹೋಗಿ ಬರುವುದು ಈ ವಯಸ್ಸಿಗೆ ತಿಂಗಳಿಗೊಮ್ಮೆ ಆದರೆ ಹೆಚ್ಚು. ಮನೆಯಲ್ಲಿ ಜೋರಾಗಿ ಹಾಕಿದರೆ ಗೋಡೆಯಾಚೆಯವರು ಕೆಮ್ಮುತ್ತಾರೆ. ಹೀಗಾಗಿ ಕಿಟಕಿ ಏರಿಸಿದ ಕಾರೇ ನಮ್ಮ ಪಾಲಿನ ಕನ್ನಡ ಕೋಣೆ. 2018ರಲ್ಲಿ ನಿವೃತ್ತನಾದಾಗ ಬಂದ ದುಡ್ಡಿನಲ್ಲಿ ಕೊಂಡ ಸಣ್ಣ ಕಾರು, ಕಂಪನಿಯ ಹೆಸರು ಬೇಡ. ಮಧ್ಯದ ವೇರಿಯಂಟು.

ಊರಿಂದ ಮರಳಿದ ಮೇಲೆ ನಾನು ಈ ಕಾರಿನ ಧ್ವನಿವ್ಯವಸ್ಥೆಯನ್ನು ವಿಮರ್ಶಕನ ಕಣ್ಣಿನಿಂದ, ಅಂದರೆ ಕಿವಿಯಿಂದ, ನೋಡತೊಡಗಿದೆ. ಮೂವತ್ತೇಳು ವರ್ಷ ಸಾಲದ ಅರ್ಜಿಗಳನ್ನು ನೋಡಿದವನಿಗೆ ಇದೇನೂ ಹೊಸದಲ್ಲ. ಅರ್ಜಿದಾರ ಹೇಳಿದ್ದನ್ನು ಬದಿಗಿಟ್ಟು ಗೋದಾಮಿಗೆ ಹೋಗಿ ಚೀಲ ಎಣಿಸಬೇಕು. ಬಜೆಟ್ಟನ್ನು ಮೊದಲೇ ಮಂಜೂರು ಮಾಡಿಕೊಂಡೆ: 10,000 ರೂಪಾಯಿ. ಪಿಂಚಣಿದಾರನ ಶೋಕಿಗೆ ಅದಕ್ಕಿಂತ ಹೆಚ್ಚು ಕೊಡಲು ನಮ್ಮ ಮನೆಯ ಹೆಡ್ಡಾಫೀಸು ಒಪ್ಪುವುದಿಲ್ಲ.

ಮೊದಲು ಚೀಲ ಎಣಿಸೋಣ. ಕಾರಿನ ರೇಡಿಯೋ ಮೇಲೆ ‘4 × 50 ವ್ಯಾಟ್’ ಎಂದು ಬರೆದಿರುತ್ತದೆ. ಈ ಐವತ್ತು ಎಲ್ಲಿಂದ ಬಂತೆಂದು ನಾನು ಒಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಎಂಜಿನ್ ಓಡುತ್ತಿರುವಾಗ ಕಾರಿನ ವಿದ್ಯುತ್ತು ಸುಮಾರು 14 ವೋಲ್ಟ್. ಸ್ಪೀಕರಿನ ತಡೆ 4 ಓಮ್. 14ನ್ನು 14ರಿಂದ ಗುಣಿಸಿ 4ರಿಂದ ಭಾಗಿಸಿದರೆ 49. ಆಯ್ತಲ್ಲ, ಐವತ್ತು! ಆದರೆ ಇದು ಪೂರ್ತಿ ವೋಲ್ಟೇಜನ್ನು ಒಂದು ಕ್ಷಣವೂ ಬಿಡದೆ ಸ್ಪೀಕರಿನ ಮೇಲೆ ಸುರಿದರೆ ಬರುವ ಅಂಕಿ. ಸಂಗೀತ ಹಾಗೆ ಹರಿಯುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಒಂದು ಶುದ್ಧ ಸ್ವರಕ್ಕೆ ಲೆಕ್ಕ ಹಾಕಿದರೆ ಅರ್ಧ, ಇಪ್ಪತ್ನಾಲ್ಕೂವರೆ. ಒಳಗಿನ ಸೋರಿಕೆ ಕಳೆದರೆ ಕೈಗೆ ಬರುವುದು ಹದಿನೆಂಟೋ ಇಪ್ಪತ್ತೋ. ಆ ಸಣ್ಣ ಅಂಕಿಗೆ ಆರ್.ಎಂ.ಎಸ್. ಎಂದು ಹೆಸರು, ಡಬ್ಬಿಯ ಮೇಲೆ ಅದು ಇದ್ದರೂ ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತದೆ. ಬ್ಯಾಂಕಿನವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು. ಐವತ್ತು ಅನ್ನುವುದು ಮಾರ್ಚ್ 31ರ ಡಿಪಾಜಿಟ್ಟು. ಇಪ್ಪತ್ತು ಅನ್ನುವುದು ವರ್ಷದ ಸರಾಸರಿ ಬಾಕಿ. ಮಾರ್ಚ್ ಕೊನೆಯ ವಾರ ಪರಿಚಯದವರ ಕಾಲು ಹಿಡಿದು ನಾನೂ ಡಿಪಾಜಿಟ್ ತಂದವನೇ, ಹೆಚ್ಚು ಮಾತಾಡಬಾರದು.

ಇಪ್ಪತ್ತು ವ್ಯಾಟು ಕಡಿಮೆಯೇ? ಅಲ್ಲ. ಇಲ್ಲಿ ಕಿವಿಯ ಇನ್ನೊಂದು ವಿಚಿತ್ರವಿದೆ. ವ್ಯಾಟನ್ನು ಎರಡು ಪಟ್ಟು ಮಾಡಿದರೆ ಶಬ್ದ ಏರುವುದು ಮೂರು ಡೆಸಿಬೆಲ್ ಮಾತ್ರ. ಕಿವಿ ಅದಕ್ಕೆ ‘ಹೂಂ, ಒಂದಿಷ್ಟು ಏರ್ತು’ ಅನ್ನುತ್ತದೆ, ಅಷ್ಟೇ. ಎರಡು ಪಟ್ಟು ಜೋರಾದಂತೆ ಅನ್ನಿಸಬೇಕಾದರೆ ವ್ಯಾಟು ಹತ್ತು ಪಟ್ಟಾಗಬೇಕು. ಹೀಗಾಗಿ ದುಡ್ಡನ್ನು ವ್ಯಾಟಿನ ಮೇಲೆ ಸುರಿಯುವುದು ಬಡ್ಡಿಯಿಲ್ಲದ ಠೇವಣಿಯಂತೆ. ಮಾತು ತಿಳಿಯದೆ ಹೋಗುತ್ತಿದ್ದುದು ಶಬ್ದ ಸಾಲದೆ ಅಲ್ಲ. ಕರಾಡದ ಹತ್ತಿರ ನಾನು ವಾಲ್ಯೂಮ್ ಏರಿಸಿ ನೋಡಿದ್ದೆ. ಹಕ್ಕಿ ಇನ್ನಷ್ಟು ಜೋರಾಗಿ ಹಕ್ಕಿಯನ್ನು ಒಯ್ದಿತ್ತು.

ಹಾಗಾದರೆ ತಪ್ಪು ಎಲ್ಲಿ? ‘ಅ, ಇ’ಗಳಂಥ ಸ್ವರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿರುತ್ತದೆ. ಕ, ತ, ಚ, ಸ ಇವುಗಳನ್ನು ಒಂದರಿಂದೊಂದು ಬೇರೆ ಮಾಡುವ ಗುರುತು ಮೇಲೆ, ಸುಮಾರು 2,000ದಿಂದ 5,000 ಹರ್ಟ್ಜ್ ನಡುವೆ, ಒಂದು ಚಿಟಿಕೆಯಷ್ಟು ಹೊತ್ತು ಬಂದು ಹೋಗುತ್ತದೆ. ಕೆಳಗಿನ ಶಬ್ದ ಸಮೆಯ ಬೆಳಕಿನಂತೆ ಎಲ್ಲ ಕಡೆ ಹರಡುತ್ತದೆ. ಮೇಲಿನದು ಬ್ಯಾಟರಿಯ ಬೆಳಕಿನಂತೆ, ಮುಖ ಮಾಡಿದ ಕಡೆಗೇ ಹೋಗುತ್ತದೆ. ನಮ್ಮ ಕಾರಿನ ಸ್ಪೀಕರು ಎಲ್ಲಿತ್ತು? ಬಾಗಿಲಿನ ಬುಡದಲ್ಲಿ, ನನ್ನ ಪಿಂಡರಿಗೆ ಮುಖ ಮಾಡಿ. ಅವ್ವ ಹೇಳಿದ ‘ತ’ಕಾರಗಳನ್ನೆಲ್ಲ ಆರು ವರ್ಷಗಳಿಂದ ನನ್ನ ಪ್ಯಾಂಟು ಕೇಳುತ್ತಿತ್ತು.

ಇನ್ನೊಂದು ತಮಾಷೆ. ಕನ್ನಡಿಯ ಹತ್ತಿರ, ಬಾಗಿಲಿನ ಮೇಲಿನ ಮೂಲೆಯಲ್ಲಿ, ಒಂದು ಸಣ್ಣ ತ್ರಿಕೋನದ ಜಾಲರಿ ಇತ್ತು. ಅದು ಟ್ವೀಟರ್, ಅಂದರೆ ಮೇಲಿನ ಶಬ್ದಕ್ಕೆಂದೇ ಇರುವ ಪುಟ್ಟ ಸ್ಪೀಕರು, ಎಂದು ಇಷ್ಟು ದಿನ ನಂಬಿದ್ದೆ. ಬೆರಳಿನಿಂದ ತಟ್ಟಿದರೆ ಟೊಳ್ಳು. ಟ್ವೀಟರ್ ಇರುವುದು ಮೇಲಿನ ವೇರಿಯಂಟಿನಲ್ಲಿ. ನಮ್ಮದಕ್ಕೆ ಬರೀ ಜಾಲರಿ. ಕೌಂಟರು ಇದೆ, ಬೋರ್ಡು ಇದೆ, ಒಳಗೆ ಕ್ಯಾಶಿಯರ್ ಇಲ್ಲ.

ಆದರೂ ಕಾರು ಮಾಡುವವರನ್ನು ಪೂರಾ ಬೈಯುವುದು ನ್ಯಾಯವಲ್ಲ. ಲಕ್ಷಾಂತರ ಕಾರಿಗೆ ಒಂದೊಂದಕ್ಕೆ ನೂರು ರೂಪಾಯಿ ಉಳಿಸಿದರೆ ಎಷ್ಟೆಂದು ಯಾವ ಕಾಮರ್ಸ್ ವಿದ್ಯಾರ್ಥಿಯೂ ಹೇಳಬಲ್ಲ. ಬಾಗಿಲಿನೊಳಗೆ ಮಳೆನೀರು ಇಳಿಯುತ್ತದೆ, ಮೇ ತಿಂಗಳಲ್ಲಿ ಕಾರು ಭಟ್ಟಿಯಾಗುತ್ತದೆ. ಅಲ್ಲಿ ವರ್ಷಗಟ್ಟಲೆ ಹರಿಯದೆ ಉಳಿಯುವ ಕಾಗದದ ಕೋನು, ಹಗುರಾದ ಸಣ್ಣ ಅಯಸ್ಕಾಂತ, ಪ್ಲಾಸ್ಟಿಕ್ ಚೌಕಟ್ಟು, ಇವಕ್ಕೂ ಒಂದು ವಿವೇಕವಿದೆ. ಅಲ್ಲದೆ ಫ್ಯಾಕ್ಟರಿಯ ಸ್ಪೀಕರು ಕಡಿಮೆ ವಿದ್ಯುತ್ತಿನಲ್ಲಿ ಜೋರಾಗಿ ಕೂಗುವಂತೆ ಮಾಡಿರುತ್ತಾರೆ. ಈ ಗುಣಕ್ಕೆ ಸೆನ್ಸಿಟಿವಿಟಿ ಅನ್ನುತ್ತಾರೆ. ಇದನ್ನು ನೋಡದೆ ‘300 ವ್ಯಾಟ್’ ಎಂದು ಬರೆದ ಭಾರದ ಸ್ಪೀಕರು ತಂದು ಅದೇ ರೇಡಿಯೋಕ್ಕೆ ಜೋಡಿಸಿದವರು, ದುಡ್ಡು ಕೊಟ್ಟ ಮೇಲೆ ಶಬ್ದ ಮೊದಲಿಗಿಂತ ಕಡಿಮೆಯಾಯಿತೆಂದು ಹಲುಬುತ್ತಾರೆ.

ಖರ್ಚಿಲ್ಲದ ಕೆಲಸಗಳನ್ನು ಮೊದಲು ಮಾಡಿದೆ. ಶೋರೂಮಿನವರು ಬೇಸನ್ನು +5ಕ್ಕೆ ಏರಿಸಿ, ‘ಲೌಡ್‌ನೆಸ್’ ಒತ್ತಿ ಕೊಟ್ಟದ್ದು ಆರು ವರ್ಷದಿಂದ ಹಾಗೇ ಇತ್ತು. ಎರಡನ್ನೂ ತೆಗೆದೆ. ಇನ್ನು ಅವ್ವನ ಕಥೆಯ ಫೈಲು. 2009ರಲ್ಲಿ ಒಬ್ಬ ಫೋಟೋ ಸ್ಟುಡಿಯೋದವನಿಗೆ ಕೊಟ್ಟು ಕ್ಯಾಸೆಟ್ಟಿನಿಂದ ಸಿಡಿಗೆ ಇಳಿಸಿದ್ದೆ. ಒಂದೇ ಸಿಡಿಯಲ್ಲಿ ಎಲ್ಲ ಹಿಡಿಸಲೆಂದು ಅವನು 64 ಕೆಬಿಪಿಎಸ್‌ಗೆ ಹಿಂಡಿಬಿಟ್ಟಿದ್ದ. ಮಗ ಗೆಳೆಯನೊಬ್ಬನ ಕ್ಯಾಸೆಟ್ ಡೆಕ್ ತಂದು, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹೆಡ್ಡಿನ ಪಕ್ಕದ ಒಂದು ಸಣ್ಣ ಸ್ಕ್ರೂವನ್ನು ಅತ್ತಿತ್ತ ತಿರುಗಿಸಿದ. ಹೆಡ್ಡು ಕೂದಲೆಳೆಯಷ್ಟು ವಾಲಿದ್ದರೂ ಮೇಲಿನ ಶಬ್ದಗಳು ಅಳಿಸಿ ಹೋಗುತ್ತವಂತೆ. ಸ್ಕ್ರೂ ಒಂದು ಕಡೆ ಬಂದು ನಿಂತಾಗ ಅವ್ವ ಪರದೆಯ ಹಿಂದಿನಿಂದ ಈಚೆ ಬಂದಳು. ನಾನು ಸುಮ್ಮನೆ ಎದ್ದು ಬಾಲ್ಕನಿಗೆ ಹೋದೆ. ಇರಲಿ.

ಆದರೆ ಹೊಸ ಫೈಲನ್ನು ಕಾರಿನಲ್ಲಿ ಹಾಕಿದರೆ ಹಕ್ಕಿ ಇನ್ನೂ ಅರ್ಧ ಹಕ್ಕಿಯೇ. ಇಷ್ಟರ ಮೇಲೆ ಅಂಗಡಿಗೆ ಹೋಗದೆ ಗತ್ಯಂತರವಿರಲಿಲ್ಲ.

ಮುಂಬಯಿಯಲ್ಲಿ ರೇಡಿಯೋ, ಆಂಪ್ಲಿಫೈಯರ್ ಸಾಮಾನಿಗೆ ಗ್ರ್ಯಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆ ಹಳೆಯ ಪೇಟೆ, ಬೆಂಗಳೂರಿನ ಎಸ್.ಪಿ. ರೋಡಿನ ಹಾಗೆ. ಕಾರಿನ ಬಿಡಿಭಾಗ, ಅಲಂಕಾರಗಳಿಗೆ ಕುರ್ಲಾದ ಸಿ.ಎಸ್.ಟಿ. ರೋಡು; ನಿಮ್ಮ ಜೆ.ಸಿ. ರೋಡು ಇದ್ದ ಹಾಗೆ. ನಾನು ಹೋದ ಅಂಗಡಿ ಇವೆರಡರಲ್ಲಿ ಯಾವುದೂ ಅಲ್ಲ, ಆದರೆ ದೊಡ್ಡದೇ. ಹುಡುಗ ನನ್ನನ್ನು ಕೂಡಿಸಿ ಗೋಡೆಯಷ್ಟು ಸ್ಪೀಕರುಗಳ ನಡುವೆ ಒಂದು ಹಾಡು ಹಾಕಿದ. ಹಾಡೆಂದರೆ ಗುದ್ದು. ಎದೆಯ ಎಲುಬು ನಡುಗಿತು. “ಅಂಕಲ್, ಬೇಸ್ ಚಾಹಿಯೇ ನಾ?” ಎಂದ. ನನಗೆ ಬೇಕಾದದ್ದು ಮಾತು ಅಂದೆ. ಅವನ ಮುಖ ನೋಡಬೇಕಿತ್ತು, ಚಿನ್ನದಂಗಡಿಗೆ ಹೋಗಿ ಉಪ್ಪು ಕೇಳಿದ ಹಾಗಾಯಿತು.

ಅವನು ಬರೆದುಕೊಟ್ಟ ಅಂದಾಜು ಪತ್ರಿಕೆ ಇನ್ನೂ ನನ್ನಲ್ಲಿದೆ. ಟಚ್‌ಸ್ಕ್ರೀನ್ ರೇಡಿಯೋ 16,000, ಆಂಪ್ಲಿಫೈಯರ್ 7,500, ಡಿಕ್ಕಿಯಲ್ಲಿ ಇಡುವ ಬಝೂಕಾ ಸಬ್‌ವೂಫರ್ 8,500. ಒಟ್ಟು 32,000. ಸ್ಪೀಕರು? “ಅದನ್ನ ಆಮ್ಯಾಲ ನೋಡೋಣ” ಎಂಬರ್ಥದಲ್ಲಿ ಕೈ ಆಡಿಸಿದ. ನನ್ನ ತಕರಾರು ಇರುವುದು ಇಲ್ಲಿಯೇ. ಈ ವ್ಯಾಪಾರದಲ್ಲಿ ಖರ್ಚಿನ ಕ್ರಮ ತಲೆಕೆಳಗಾಗಿದೆ. ಕಣ್ಣಿಗೆ ಕಾಣುವುದು ಮೊದಲು, ಎದೆಗೆ ಗುದ್ದುವುದು ಎರಡನೆಯದು, ಕಿವಿಗೆ ಕೇಳುವುದು ಕೊನೆಗೆ. ಫ್ಯಾಕ್ಟರಿಯ ರೇಡಿಯೋ ಈ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಕಡಿಮೆ ತಪ್ಪಿತಸ್ಥ. ಅದನ್ನೇ ಮೊದಲು ಗಲ್ಲಿಗೇರಿಸುತ್ತಾರೆ. ಹದಿನಾರು ಸಾವಿರದ ಪರದೆ ಹಾಕಿದರೂ ಶಬ್ದ ಹೊರಬೀಳುವುದು ಅದೇ ಕಾಗದದ ಕೋನಿನಿಂದ, ಅದೇ ನನ್ನ ಪಿಂಡರಿಯ ಕಡೆಗೆ. ಸಬ್‌ವೂಫರು ತಪ್ಪು ಅನ್ನುವುದಿಲ್ಲ. ಡೊಳ್ಳು, ಪಖವಾಜ್ ಕೇಳುವವರಿಗೆ ಬೇಕು. ಹಸಿದವನಿಗೆ ಮೊದಲು ಊಟ, ಆಮೇಲೆ ತಾಂಬೂಲ.

ಅಂಗಡಿಯವರ ಬಾಯಲ್ಲಿ ಶಬ್ದಕ್ಕೆ ಒಂದೇ ಗುಣವಾಚಕ. ನಮ್ಮಲ್ಲಿ ಎಷ್ಟಿವೆ ನೋಡಿ: ತುಂಬು ದನಿ, ಕೀಚಲು, ಗೊಗ್ಗರು, ಗಡಸು, ಒಡಕು, ಇಂಪು, ಕಂಚಿನ ಕಂಠ. ಇವೆಲ್ಲವೂ ಮನುಷ್ಯರ ಗಂಟಲಿನಿಂದ ಹುಟ್ಟಿದ ಮಾತುಗಳು.

ಕೊನೆಗೆ ಚೌಕಾಸಿ ಮಾಡಿ ನನ್ನ ಕ್ರಮದಲ್ಲಿಯೇ ಹಾಕಿಸಿದೆ. ಮುಂದಿನ ಎರಡು ಬಾಗಿಲಿಗೆ ಕಾಂಪೊನೆಂಟ್ ಸೆಟ್ಟು, ಅಂದರೆ ಬುಡಕ್ಕೆ ಆರೂವರೆ ಇಂಚಿನ ಸ್ಪೀಕರು, ಮೇಲಿನ ಖಾಲಿ ಜಾಲರಿಯ ಹಿಂದೆ ಟ್ವೀಟರ್, ನಡುವೆ ಶಬ್ದವನ್ನು ಹಂಚಿಕೊಡುವ ಕ್ರಾಸೋವರ್: 4,800. ಎರಡು ಬಾಗಿಲಿಗೆ ಅಲ್ಯುಮಿನಿಯಮ್ ಮುಖದ ರಬ್ಬರಿನಂಥ ಅಂಟು ಹಾಳೆ: 2,600. ಸ್ಪೀಕರು ಕೂಡಿಸುವ ಬಳೆಗಳು 500, ಫ್ಯಾಕ್ಟರಿಯ ವಾಯರು ಕತ್ತರಿಸದೆ ಜೋಡಿಸುವ ಕಪ್ಲರು 350, ಕೂಲಿ 1,200. ಒಟ್ಟು 9,450. ವಾಯರು ಕತ್ತರಿಸಬೇಡಿ, ಕಪ್ಲರ್ ಹಾಕಿ ಎಂದು ನಾನು ಹಟ ಹಿಡಿದದ್ದಕ್ಕೆ ಅಲ್ಲಿಯವರು ನಕ್ಕರು. ಮುಂದೆ ಕಾರು ಮಾರುವಾಗ ಹಳೆಯದನ್ನು ಮತ್ತೆ ಕೂಡಿಸಬಹುದಲ್ಲ! ದಸ್ತಾವೇಜು ಹರಿಯಬಾರದು.

ಆ ಅಂಟು ಹಾಳೆಯ ಬಗ್ಗೆ ಎರಡು ಮಾತು ಹೇಳಬೇಕು. ಅದಕ್ಕೆ ದುಡ್ಡು ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ. ಸ್ಪೀಕರಿನ ಕೋನು ಮುಂದೆ ತಳ್ಳಿದಷ್ಟೇ ಹಿಂದೆಯೂ ಎಳೆಯುತ್ತದೆ. ಹಿಂದಿನ ಶಬ್ದ ಮುಂದಿನದರ ತದ್ವಿರುದ್ಧ. ಬಾಗಿಲಿನ ಒಳತಗಡಿನಲ್ಲಿ ಮೆಕ್ಯಾನಿಕ್‌ನ ಕೈ ಹೋಗಲೆಂದು ದೊಡ್ಡ ದೊಡ್ಡ ರಂಧ್ರಗಳಿರುತ್ತವೆ. ಹಿಂದಿನ ಶಬ್ದ ಆ ರಂಧ್ರಗಳಿಂದ ನುಸುಳಿ ಮುಂದಿನದನ್ನು ತಿಂದುಹಾಕುತ್ತದೆ, ಜಮಾ ಮತ್ತು ಖರ್ಚು ಒಂದೇ ಆದ ಖಾತೆಯಂತೆ. ನಷ್ಟವಾಗುವುದು ಹೆಚ್ಚಾಗಿ ಕೆಳಗಿನ ಶಬ್ದ. ಗಂಗೂಬಾಯಿ ಹಾನಗಲ್ಲರ ಕಂಠ ಟಾನ್ಸಿಲ್ ಚಿಕಿತ್ಸೆಯ ಮೇಲೆ ಗಂಡಸರಂತೆ ತಗ್ಗಿಗೆ ಇಳಿಯಿತಲ್ಲ. ಆ ದನಿಯ ತೂಕವನ್ನೆಲ್ಲ ನಮ್ಮ ಹಳೆಯ ಬಾಗಿಲು ಸೋಸಿಬಿಡುತ್ತಿತ್ತು. ಯಾರೋ ಟೆಲಿಫೋನಿನಲ್ಲಿ ಹಾಡಿದ ಹಾಗಿರುತ್ತಿತ್ತು. ರಂಧ್ರ ಮುಚ್ಚಿ, ತಗಡಿಗೆ ಭಾರ ಹಾಕಿದರೆ ಬೇಸು ತಾನಾಗಿ ಬರುತ್ತದೆ, ಬಝೂಕಾದ ಹಂಗಿಲ್ಲದೆ.

ಹೀಗೆಂದು ನಾನು ಓದಿದ್ದೆ. ಆದದ್ದು ಬೇರೆ. ಕಾರು ಬಿಡಿಸಿಕೊಂಡು ಬಂದ ದಿನ ದನಿ ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯಲಿಲ್ಲ. ನಡುವೆ ಇರಬೇಕಾದ ಗಾಯಕ ಎರಡೂ ಬಾಗಿಲಿಗೆ ಚದುರಿ ಹೋಗಿದ್ದ. ಬೇಸು ಮೊದಲಿಗಿಂತ ತೆಳು. “ಒಂಬತ್ತು ಸಾವಿರ ಕೊಟ್ಟು ಕೆಡಿಸ್ಕೊಂಡ್ ಬಂದ್ರೆಲ್ಲಾ” ಎಂದು ನಮ್ಮಾಕಿ. ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಿರುಗಿಸಿ ನೋಡಿದರೆ ಒಂದೇ ಸ್ಪೀಕರಿಗೆ ಬೇಸು ಹೆಚ್ಚಾಯಿತು! ಎರಡಿದ್ದಾಗ ಕಡಿಮೆ, ಒಂದಿದ್ದಾಗ ಹೆಚ್ಚು ಅಂದರೆ ಒಂದರ ವಾಯರು ಉಲ್ಟಾ ಜೋಡಿಸಿದ್ದಾರೆಂದೇ ಅರ್ಥ. ಒಂದು ಕೋನು ಹೊರಗೆ ಬಂದಾಗ ಇನ್ನೊಂದು ಒಳಗೆ ಹೋಗುತ್ತದೆ. ಇದನ್ನು ಯಾರು ಬೇಕಾದರೂ ತಮ್ಮ ಕಾರಿನಲ್ಲಿ ಕಾಸು ಖರ್ಚಿಲ್ಲದೆ ಪರೀಕ್ಷಿಸಬಹುದು.

ಅಷ್ಟರಲ್ಲಿ ಜುಲೈ ಬಂತು. ಮುಂಬಯಿಯ ಮಳೆ ನಿಮಗೆ ಗೊತ್ತಲ್ಲ. ಬ್ರೇಕ್ ಹಾಕಿದಾಗಲೆಲ್ಲ ಎಡಬಾಗಿಲಿನೊಳಗೆ ಗುಳುಗುಳು ಸದ್ದು, ಕೊಡ ಹೊತ್ತವರು ನಡೆದ ಹಾಗೆ. ಕಿಟಕಿಯ ಗಾಜಿನ ಗುಂಟ ಇಳಿದ ನೀರು ಬಾಗಿಲಿನ ತಳದ ಸಣ್ಣ ಕಂಡಿಗಳಿಂದ ಹೊರಗೆ ಹೋಗಬೇಕು. ಅಂಗಡಿಯವರು ಉತ್ಸಾಹದಿಂದ ಆ ಕಂಡಿಗಳನ್ನೂ ಹಾಳೆಯಿಂದ ಮುಚ್ಚಿಬಿಟ್ಟಿದ್ದರು. ಮುಚ್ಚಬೇಕಾದದ್ದು ಮೇಲಿನ ರಂಧ್ರ, ತಳದ್ದು ಬಿಡಬೇಕು. ಫೋನ್ ಮಾಡಿದರೆ ಇವತ್ತು ಬಾ, ನಾಳೆ ಬಾ. ನಾವೂ ಕೌಂಟರಿನಾಚೆ ಕೂತು ಹಾಗೆ ಅಂದವರೇ, ಆದರೂ ಸಿಟ್ಟು ಬಂತು.

ಕಲ್ಯಾಣ-ಶೀಳ ರಸ್ತೆಯ ಬದಿಯಲ್ಲಿ ತಗಡಿನ ಶೆಡ್ಡಿನಲ್ಲಿ ಕಾರಿನ ವಾಯರಿಂಗ್ ಮಾಡುವ ಒಬ್ಬ ಹುಡುಗನ ಹತ್ತಿರ ಒಯ್ದೆ. ಬಾಗಿಲಿನ ಹೊದಿಕೆ ಬಿಚ್ಚಿ, ಕಂಡಿ ತೆರೆದ. ಅರ್ಧ ಬಕೀಟು ನೀರು ಇಳಿಯಿತು. ಆಮೇಲೆ ಒಂದು ಪೆನ್ಸಿಲ್ ಸೆಲ್ ತೆಗೆದು ಸ್ಪೀಕರಿನ ವಾಯರಿಗೆ ಮುಟ್ಟಿಸಿದ: ಬಲಗಡೆಯ ಕೋನು ಹೊರಗೆ ಜಿಗಿಯಿತು, ಎಡಗಡೆಯದು ಒಳಗೆ. ವಾಯರು ಬದಲಿಸಿದ. ಪರೀಕ್ಷೆಗೆಂದು ಪೆನ್‌ಡ್ರೈವಿನಿಂದ ನಾನು ಅವ್ವನ ಕಥೆ ಹಚ್ಚಿದೆ. ಅದುವರೆಗೆ ಹಿಂದಿಯಲ್ಲಿ ಮಾತಾಡುತ್ತಿದ್ದ ಹುಡುಗ ಸ್ಕ್ರೂಡ್ರೈವರ್ ಹಿಡಿದು ಹಾಗೇ ಕೂತ. “ಕಾಕಾ, ನೀವು ನಮ್ ಕಡೆಯವರೇನ್ರೀ?” ಇಂಡಿ ತಾಲೂಕಿನವನು. ಹತ್ತು ವರ್ಷವಾಯಿತಂತೆ ಬಂದು. “ಇದು ಬೇಸ್ ಟೆಸ್ಟಿಗೆ ಬರಂಗಿಲ್ರೀ, ಮಾತಿಗೆ ಚಲೋ ಐತಿ. ಮುದುಕಿ ಹತ್ತಿ ಅಂದಿದ್ದು ಛಂದ ಕೇಳ್ತು” ಅಂದ. ಅವನು ‘ಹತ್ತಿ’ ಅಂದದ್ದನ್ನು ಗಮನಿಸಿ ನನಗೆ ಎಷ್ಟು ಸಮಾಧಾನವಾಯಿತೆಂದರೆ 600 ರೂಪಾಯಿಯನ್ನು ಚೌಕಾಸಿಯಿಲ್ಲದೆ ಕೊಟ್ಟೆ. ಒಟ್ಟು 10,050. ಮಂಜೂರಾತಿಗಿಂತ ಐವತ್ತು ಹೆಚ್ಚು.

ಆದರೆ ಅವನೂ ಹತ್ತಿ ಸೀಮೆಯವನೇ. ಗೊತ್ತಿದ್ದ ಶಬ್ದವನ್ನು ಅವನೂ ತುಂಬಿಕೊಂಡಿರಬಹುದಲ್ಲ? ನಿಜವಾದ ಆಡಿಟರು ಪುಣೆಯಲ್ಲಿದ್ದಳು.

ಅದಕ್ಕೆ ಮುಂಚೆ ಮಲ್ಲಿಕಾರ್ಜುನ ಮನ್ಸೂರರಿಂದ ಒಂದು ತೊಡಕು ಎದ್ದಿತು. ಗಂಗೂಬಾಯಿಯವರಿಗೆ ತೂಕ ಮರಳಿ ಬಂದಿತ್ತು. ಭೀಮಸೇನ ಜೋಶಿಯವರು ಖರ್ಜಕ್ಕೆ ಇಳಿದರೆ ಬಾಗಿಲು ಒದರದೆ ಹಿಡಿಯುತ್ತಿತ್ತು. ಮನ್ಸೂರರ ವಚನ ಹಾಕಿದರೆ ನನಗೆ ಬಹಳ ಸ್ಪಷ್ಟ, ನಮ್ಮಾಕಿಗೆ ಕಿವಿ ಚುಚ್ಚುತ್ತದೆ. “ಅಜ್ಜಗ ಸೂಜಿ ಕೊಟ್ಟು ಹಾಡ್ಸಿದಂಗ ಆಗೇತಿ. ಕಡಿಮಿ ಮಾಡ್ರಿ” ಎಂದಳು. ಕ್ರಾಸೋವರಿನಲ್ಲಿ ಟ್ವೀಟರನ್ನು ಮೂರು ಡೆಸಿಬೆಲ್ ಇಳಿಸುವ ಒಂದು ಗುಂಡಿ ಇತ್ತು. ಇಳಿಸಿದರೆ ಅವಳಿಗೆ ಹಿತ, ನನಗೆ ಮಬ್ಬು. ಏರಿಸಿದರೆ ನನಗೆ ಹಿತ, ಅವಳು ಕಿವಿ ಮುಚ್ಚಿಕೊಳ್ಳುತ್ತಾಳೆ. ನಾನು ಅವಳ ಕಿವಿಯ ಮೇಲೆ ಸಂಶಯಪಟ್ಟು ಇಬ್ಬರದ್ದೂ ಪರೀಕ್ಷೆ ಮಾಡಿಸಿದೆ. ಅವಳದು ಸರಿಯಾಗಿತ್ತು. ನನ್ನ ನಕ್ಷೆಯ ಗೆರೆ 2,000ದವರೆಗೆ ನೆಟ್ಟಗೆ ಹೋಗಿ, 4,000 ಹರ್ಟ್ಜ್ ಹತ್ತಿರ ಬಾವಿಗೆ ಬಿದ್ದ ಹಾಗೆ ಕೆಳಗಿಳಿದಿತ್ತು. “ವಯಸ್ಸಿಗೆ ತಕ್ಕ ಹಾಗಿದೆ” ಎಂದಳು ಡಾಕ್ಟರ್ ಹುಡುಗಿ, ಅದೊಂದು ಪ್ರಶಂಸೆ ಎಂಬಂತೆ. ಅಂದರೆ ಕ, ತ, ಚಗಳ ಗುರುತು ಯಾವ ಸೀಮೆಯಲ್ಲಿದೆಯೋ ಅದೇ ಸೀಮೆಯಲ್ಲಿ ನನ್ನ ಕಿವಿಗೆ ಬರ. ಆರು ತಿಂಗಳು ತೀರ್ಪು ಕೊಡುತ್ತ ಬಂದ ವಿಮರ್ಶಕನ ತಕ್ಕಡಿಯೇ ಸುಳ್ಳು ತೂಗುತ್ತಿತ್ತು.

ಆದರೂ ಮೊದಲಿನ ದೂರು ಬಿದ್ದುಹೋಗುವುದಿಲ್ಲ. ಕರಾಡದ ಹತ್ತಿರ ಹಕ್ಕಿ ಎಂದು ಕೇಳಿದ್ದು ಏಳು ವರ್ಷದ ಕಿವಿ.

ದೀಪಾವಳಿಗೆ ಮತ್ತೆ ಅದೇ ದಾರಿ. ನಮ್ಮಿಂದ ಪುಣೆಯ ತನಕ ಎಕ್ಸ್‌ಪ್ರೆಸ್‌ವೇ. 2002ರಲ್ಲಿ ಪೂರ್ತಿಯಾದ ಆ ಕಾಂಕ್ರೀಟು ದಾರಿ ಟೈರಿನಡಿ ಒಂದೇ ಸಮನೆ ಗೊರಗೊರ ಅನ್ನುತ್ತದೆ. ಆ ಸದ್ದಿಗೆ ಹತ್ತು ಸಾವಿರದ ಬಜೆಟ್ಟಿನಲ್ಲಿ ಮದ್ದಿಲ್ಲ, ಹಾಳೆ ಅಂಟಿಸಿದರೆ ಕಾರು ಗುಡಿಯಂತೆ ಶಾಂತವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪುಣೆಯಲ್ಲಿ ಮಗನ ಮನೆಯವರನ್ನು ಹತ್ತಿಸಿಕೊಂಡು, ಕೊಲ್ಹಾಪುರ ದಾಟಿ, ಕೊಗನೊಳ್ಳಿಯ ಟೋಲ್ ನಾಕಾದಲ್ಲಿ ಸಾಲಿನಲ್ಲಿ ನಿಂತಾಗ ಮೊಮ್ಮಗಳೇ ಕಥೆ ಹಚ್ಚಿಸಿದಳು. ಗುಂಡಿ ಇಳಿಸಿಯೇ ಇತ್ತು, ನಮ್ಮಾಕಿಯ ಪಕ್ಷಕ್ಕೆ. ನಾನು ಬಾಯಿ ಬಿಡಲಿಲ್ಲ. ಸೊಸೆ ಏನೋ ಹೇಳಹೋದಳು, ಅವಳಿಗೂ ಕೈ ಸನ್ನೆ ಮಾಡಿದೆ.

“ಅಜ್ಜಾ, ಹತ್ತಿ ಅಂದ್ರ ಕಾಪೂಸ್ ಏನು?”

“ಹೌದು.”

“ಮತ್ತ ಅವತ್ತ ಅದು ಹಕ್ಕಿ ಇತ್ತಲ್ಲ?”

ಅವತ್ತೂ ಹತ್ತಿಯೇ ಇತ್ತು, ಕಾರು ತಪ್ಪು ಹೇಳಿತ್ತು ಎಂದೆ. ಅವಳು ಮುಂದಕ್ಕೆ ಬಾಗಿ ಜಾಲರಿಯನ್ನೇ ನೋಡುತ್ತ ಕೇಳತೊಡಗಿದಳು. ಕಥೆ ಮುಂದೆ ಹೋಗಿ, ಸಿಂಪಿಗನ ಮುಂದೆ ಹಕ್ಕಿ ಜಗಳಕ್ಕೆ ನಿಲ್ಲುವಲ್ಲಿ ಅವ್ವ ಒಂದು ಮಾತನ್ನು ಗಡಬಡಿಸಿ ಹೇಳುತ್ತಾಳೆ. ಮೂವತ್ತೈದು ವರ್ಷದಿಂದ ಅದು ನನಗೆ ‘ಹಚ್ಚಿ’ ಎಂದೇ ಕೇಳಿದ್ದು.

“ಹತ್ತಿ ಅಲ್ಲ, ಹಚ್ಚಿ” ಎಂದೆ.

“ಇಲ್ಲ ಅಜ್ಜಾ, ಹತ್ತಿ ಅಂದ್ಲು” ಎಂದಳು ಹುಡುಗಿ. ನಮ್ಮಾಕಿಯ ಕಡೆ ನೋಡಿದೆ. ಆಕಿ ತಲೆ ಹಾಕಿದಳು, ಹುಡುಗಿ ಹೇಳಿದ್ದೇ ಖರೆ. ಟೋಲಿನ ಗೇಟು ಎದ್ದಿತು, ನಾನು ಗಾಡಿ ಬಿಟ್ಟೆ.